ಸಮಾಜ ತಾನೇ, ಬಿಡಿ ಮೇಡಂ!

"ಸಮಾಜ ತಾನೇ, ಬಿಡಿ ಮೇಡಂ. ಪರೀಕ್ಷೆಯ ಹಿಂದಿನ ದಿನ ಒಂದು ಸಲ ಕಣ್ಣಾಡಿಸಿದರೆ ಆಯ್ತು."

ಈ ಮಾತನ್ನು ನಾನು ಚನ್ನಗಿರಿಯಲ್ಲಿ ಕೇಳಿದ್ದೇನೆ, ಹೊನ್ನಾಳಿಯಲ್ಲಿ ಕೇಳಿದ್ದೇನೆ, ನ್ಯಾಮತಿಯಲ್ಲಿ ಕೇಳಿದ್ದೇನೆ, ಜಗಳೂರಿನಲ್ಲಿಯೂ ಕೇಳಿದ್ದೇನೆ. ವರ್ಗಾವಣೆಯ ಆದೇಶ ಬಂದಾಗಲೆಲ್ಲ ಪಾತ್ರೆ ಪಡಗ ಕಟ್ಟಿಕೊಂಡು ಹೊಸ ಊರಿಗೆ ಹೋದವಳು ನಾನು. ಒಂದೊಂದು ಊರಿನಲ್ಲಿ ನೀರಿನ ರುಚಿ ಬೇರೆ, ಸಾರಿನ ಹದ ಬೇರೆ, ಮಾತಿನ ರಾಗ ಬೇರೆ. ಈ ಮಾತು ಮಾತ್ರ ಎಲ್ಲ ಕಡೆಯೂ ಒಂದೇ. ಹೇಳಿದವರಲ್ಲಿ ಬಹುಪಾಲು ತಾಯಂದಿರು, ಏಕೆಂದರೆ ಪೋಷಕರ ಸಭೆಗೆ ಬರುವವರು ಅವರೇ. ಗಣಿತದ ಮೇಷ್ಟರ ಮುಂದೆ ಭಯಭಕ್ತಿಯಿಂದ ನಿಂತು, ವಿಜ್ಞಾನದವರ ಹತ್ತಿರ ಟ್ಯೂಷನ್ ವಿಚಾರಿಸಿ, ಇಂಗ್ಲಿಷಿನವರಿಗೆ ನಮಸ್ಕಾರ ಹೇಳಿ, ಕೊನೆಗೆ ನನ್ನ ಮೇಜಿನ ಹತ್ತಿರ ಬರುವ ಹೊತ್ತಿಗೆ ಅವರಿಗೆ ಮನೆಯಲ್ಲಿ ಬಿಟ್ಟು ಬಂದ ಕೆಲಸ ನೆನಪಾಗುತ್ತದೆ. ಸೆರಗು ಸರಿಮಾಡಿಕೊಳ್ಳುತ್ತಾ ಈ ಮಾತು ಹೇಳಿ ಹೊರಟುಬಿಡುತ್ತಾರೆ. ಅದರಲ್ಲಿ ನನ್ನನ್ನು ಅವಮಾನಿಸುವ ಉದ್ದೇಶ ಇರುವುದಿಲ್ಲ. ನನ್ನ ಹೊರೆ ಹಗುರ ಮಾಡಿದೆವೆಂದೇ ಅವರ ಭಾವನೆ.

ಸೋದರಿಯರೇ, ನಾನು ಜಗಳಕ್ಕೆ ನಿಂತಿರುವುದು ಈ ಮಾತಿನ ಮೇಲೆಯೇ. ಮಕ್ಕಳು ಶಾಲೆಯಲ್ಲಿ ಕಲಿಯುವ ವಿಷಯಗಳಲ್ಲಿ ಅವರ ಬೆನ್ನುಬಿಡದೆ ಕೊನೆಯವರೆಗೆ ಬರುವ ವಿಷಯ ಯಾವುದು, ನೀವೇ ಯೋಚಿಸಿ. ತ್ರಿಕೋನದ ಪ್ರಮೇಯವನ್ನು ನಿಮ್ಮ ಮಗಳಿಗೆ ಯಾರೂ ಮದುವೆಯ ಚಪ್ಪರದಲ್ಲಿ ಕೇಳುವುದಿಲ್ಲ. ಆದರೆ ಅವಳ ವಯಸ್ಸೆಷ್ಟು ಎಂಬುದನ್ನು ಕಾನೂನು ಕೇಳುತ್ತದೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಅವಳ ಹೆಬ್ಬೆಟ್ಟೋ ಸಹಿಯೋ ಕೇಳುತ್ತಾರೆ. ಮತಗಟ್ಟೆಯಲ್ಲಿ ಬೆರಳು ಕೇಳುತ್ತಾರೆ. ಅಲ್ಲೆಲ್ಲ ಉಪಯೋಗಕ್ಕೆ ಬರುವ ವಿದ್ಯೆಯನ್ನು ನಾವು "ಹಿಂದಿನ ದಿನ ಕಣ್ಣಾಡಿಸುವ" ವಿದ್ಯೆ ಮಾಡಿಟ್ಟಿದ್ದೇವೆ.

ನಾವು ಓದುವಾಗ ಇತಿಹಾಸ, ಪೌರನೀತಿ ಎಂದು ಹೆಸರಾದರೂ ಇತ್ತು. ಈಗ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಇಷ್ಟೂ ಸೇರಿ ಒಂದು ವಿಷಯ. ಅದಕ್ಕೆ 'ಸಮಾಜ' ಎಂಬ ಮೋಟು ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಈ ಆರು ಶಾಸ್ತ್ರಗಳನ್ನು ಕಲಿಸಲು ಇರುವವರು ನನ್ನಂಥ ಬಿ.ಎ., ಬಿ.ಎಡ್. ಮಾಡಿದ 'ಆರ್ಟ್ಸ್ ಟೀಚರು'. ಗಣಿತದ ಪಾಠ ಹಿಂದೆ ಬಿದ್ದರೆ ಕೊಡುವುದು ನಮ್ಮ ಪೀರಿಯಡ್ಡು. ಕ್ರೀಡಾಕೂಟದ ತಾಲೀಮಿಗೆ ನಮ್ಮ ಪೀರಿಯಡ್ಡು. ಶಾಲೆಗೆ ಯಾರಾದರೂ ದೊಡ್ಡವರು ಬಂದರೆ ಸ್ವಾಗತಗೀತೆ ಕಲಿಸಲು ನಮ್ಮ ಪೀರಿಯಡ್ಡು. ಮತದಾರರ ಪಟ್ಟಿ, ಜನಗಣತಿ ಎಂದು ಮನೆ ಮನೆ ಅಲೆಯುವುದಕ್ಕೂ ಮೇಷ್ಟ್ರುಗಳೇ. ಪೌರನೀತಿ ಕಲಿಸುವವಳನ್ನು ತರಗತಿಯಿಂದ ಎಬ್ಬಿಸಿ ಪ್ರಜಾಪ್ರಭುತ್ವದ ಕೆಲಸಕ್ಕೆ ಕಳಿಸಿದಾಗ ತರಗತಿಯೊಳಗಿನ ಪ್ರಜಾಪ್ರಭುತ್ವದ ಪಾಠ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ಪರೀಕ್ಷೆ. ಪ್ರಶ್ನೆಪತ್ರಿಕೆಗೆ ನೀಲಿನಕ್ಷೆ ಇದೆ. ಯಾವ ಪಾಠದಿಂದ ಎಷ್ಟು ಅಂಕ ಎಂದು ಡಿಸೆಂಬರಿನ ಹೊತ್ತಿಗೆ ಮಕ್ಕಳಿಗೆ ಬಾಯಿಪಾಠ. ಆಮೇಲೆ ಗೈಡು, ಅದರ ಮೇಲೆ 'ಪಾಸಿಂಗ್ ಪ್ಯಾಕೇಜು'. 1857ರ ದಂಗೆಗೆ ಕಾರಣಗಳೇನು ಎಂದರೆ ಮಗು ಬೆರಳು ಮಡಚುತ್ತಾ "ರಾಜಕೀಯ, ಆಡಳಿತಾತ್ಮಕ, ಆರ್ಥಿಕ, ಸೈನಿಕ" ಎಂದು ತರಕಾರಿ ಚೀಟಿ ಓದಿದ ಹಾಗೆ ಓದುತ್ತದೆ. ಆರ್ಥಿಕ ಕಾರಣವೆಂದರೆ ಏನಮ್ಮಾ ಎಂದು ಕೇಳಿ ನೋಡಿ, ಅದು ಬ್ಲೂಪ್ರಿಂಟಿನಲ್ಲಿ ಇಲ್ಲ ಮಿಸ್ ಎಂಬ ಕಣ್ಣಿನಿಂದ ನಿಮ್ಮನ್ನು ನೋಡುತ್ತದೆ. ಹೊನ್ನಾಳಿಯಲ್ಲಿ ನನ್ನ ವಿದ್ಯಾರ್ಥಿನಿಯರು ಭಾರತದ ನಕ್ಷೆಯಲ್ಲಿ ತುಂಗಭದ್ರಾ ಅಣೆಕಟ್ಟನ್ನು ಕಣ್ಣುಮುಚ್ಚಿ ಗುರುತಿಸುತ್ತಿದ್ದರು. ಊರ ಪಕ್ಕದಲ್ಲೇ ಹರಿಯುವ ಹೊಳೆ ಎಲ್ಲಿಂದ ಬಂತು, ಆ ಅಣೆಕಟ್ಟಿಗೆ ಹೋಗುವುದೂ ಇದೇ ನೀರಲ್ಲವೇ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮ ಪಠ್ಯಕ್ರಮ ಬಹಳ ಶ್ರದ್ಧೆಯಿಂದ ಪಾಲಿಸಿದೆ.

ಪಠ್ಯಪುಸ್ತಕದ ಮಾತು ಬಂದರೆ ದೊಡ್ಡವರ ಜಗಳ ನೆನಪಾಗುತ್ತದೆ. 2017ರಲ್ಲಿ ಒಂದು ಸಮಿತಿ ಪರಿಷ್ಕರಿಸಿದ ಪುಸ್ತಕ ಬಂತು. 2022ರಲ್ಲಿ ಇನ್ನೊಂದು ಸಮಿತಿ ಅದನ್ನು ಮತ್ತೆ ಪರಿಷ್ಕರಿಸಿತು. ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಅಂಬೇಡ್ಕರರ ಹೆಸರಿನ ಹಿಂದಿನ 'ಸಂವಿಧಾನ ಶಿಲ್ಪಿ' ಎಂಬ ಮಾತೇ ಬಿಟ್ಟುಹೋಗಿ, ಗದ್ದಲವಾಗಿ, ಮತ್ತೆ ಸೇರಿಸಬೇಕಾಯಿತು. 2023ರಲ್ಲಿ ಸರ್ಕಾರ ಬದಲಾಯಿತು, ಕೆಲವು ಪಾಠಗಳನ್ನು ಕೈಬಿಟ್ಟು, ಕೆಲವನ್ನು ಸೇರಿಸಿ, ಮುದ್ರಣವಾಗಿದ್ದ ಪುಸ್ತಕದ ಜೊತೆಗೆ ಪೂರಕ ಪುಸ್ತಿಕೆ ಕಳಿಸಿದರು. ಯಾವ ಬದಲಾವಣೆ ಸರಿ, ಯಾವುದು ತಪ್ಪು ಎಂಬ ಬಗ್ಗೆ ನನಗೂ ಅಭಿಪ್ರಾಯ ಇದೆ. ಆದರೆ ಟಿ.ವಿ.ಯಲ್ಲಿ ಮುಷ್ಟಿ ಬಿಗಿದು ಮಾತಾಡಿದ ಎರಡೂ ಕಡೆಯ ಮಹನೀಯರಿಗೆ ನನ್ನದೊಂದು ಪ್ರಶ್ನೆ. ಆ ಪಾಠಗಳನ್ನು ಮಕ್ಕಳು ಓದುವುದು ಹೇಗೆ ಎಂದು ನೀವು ಯಾವತ್ತಾದರೂ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೀರಾ? ನೀವು ಸೇರಿಸಿದ ವೀರನೂ, ಅವರು ತೆಗೆದ ವೀರನೂ ನಮ್ಮ ಮಕ್ಕಳಿಗೆ ಎರಡೆರಡು ಅಂಕದ ವೀರರು. ಪರೀಕ್ಷೆ ಮುಗಿದ ಸಂಜೆಗೆ ಇಬ್ಬರೂ ಮರೆತುಹೋಗುತ್ತಾರೆ.

ಚನ್ನಗಿರಿ ತಾಲ್ಲೂಕನ್ನೇ ನೋಡಿ. ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಇದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಂಡ, ನಡುವೆ ಮಂಟಪ. ಅದರ ದಡದಲ್ಲೇ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಹೆಸರಿನೊಂದಿಗೆ ಸೇರಿಕೊಂಡ ಮುಸಾಫಿರ್‌ಖಾನೆ. ಅಲ್ಲಿ ಒಡೆದ ಕತೆಯೂ ಇದೆ, ಕಟ್ಟಿದ ಸಾಕ್ಷಿಯೂ ಇದೆ. ಅದೇ ತಾಲ್ಲೂಕಿನ ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಶಹಾಜಿಯ ಸಮಾಧಿ. 1664ರಲ್ಲಿ ಆ ಕಡೆ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡರು. ಶಹಾಜಿ ಕರ್ನಾಟಕಕ್ಕೆ ಬಂದದ್ದು ಯಾರ ಜೊತೆ? ಇದೇ ರಣದುಲ್ಲಾ ಖಾನನ ಸೈನ್ಯದ ಜೊತೆ, ಬಿಜಾಪುರದ ಸುಲ್ತಾನನ ಸರದಾರರಾಗಿ. 1638ರಲ್ಲಿ ಬೆಂಗಳೂರು ಗೆದ್ದ ಮೇಲೆ ಅದನ್ನು ಜಹಗೀರಾಗಿ ಪಡೆದವರೂ ಅವರೇ. ಮುಂದೆ 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಹಾಜಿಯ ಮೊಮ್ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಕೆಳದಿಯ ಚೆನ್ನಮ್ಮ. ಚನ್ನಗಿರಿ ಎಂಬ ಹೆಸರೇ ಅವಳಿಂದ ಬಂದದ್ದೆಂದು ಊರಿನವರ ನಂಬಿಕೆ.

ಒಂದು ತಾಲ್ಲೂಕಿನೊಳಗೆ, ಬಸ್ಸಿನಲ್ಲಿ ಒಂದು ದಿನಕ್ಕೆ ಸುತ್ತಿ ಬರಬಹುದಾದಷ್ಟು ದೂರದಲ್ಲಿ, ಇಷ್ಟು ಇತಿಹಾಸ ಬಿದ್ದುಕೊಂಡಿದೆ. ಇದನ್ನು ಕಂಡ ಮಗುವಿಗೆ 'ಇವರೆಲ್ಲ ನಮ್ಮವರು, ಅವರೆಲ್ಲ ಪರರು' ಎಂದು ಎರಡು ಪಟ್ಟಿ ಮಾಡಿ ಕೊಟ್ಟರೆ ಅದು ನಂಬೀತೇ? ಸುಲ್ತಾನನ ಊಳಿಗದಲ್ಲಿ ಶಹಾಜಿ, ಶಹಾಜಿಯ ಮೊಮ್ಮಗನಿಗೆ ನಮ್ಮ ಕನ್ನಡದ ರಾಣಿಯ ಆಶ್ರಯ, ಗುಡಿಯ ಹೊಂಡದ ಪಕ್ಕದಲ್ಲಿ ಮುಸಾಫಿರ್‌ಖಾನೆ. ನಿಜವಾದ ಇತಿಹಾಸ ಸಿಕ್ಕುಸಿಕ್ಕಾಗಿಯೇ ಇರುತ್ತದೆ, ನಮ್ಮ ಕೂಡುಕುಟುಂಬಗಳ ಹಾಗೆ. ಈ ಸಿಕ್ಕು ಬಿಡಿಸುವುದನ್ನು ಕಲಿತ ಮಗುವನ್ನು ಯಾವ ಪಕ್ಷದ ಭಾಷಣವೂ ಸುಲಭವಾಗಿ ಮರುಳು ಮಾಡಲಾರದು. ಅದಕ್ಕೇ ಇರಬೇಕು, ಅದನ್ನು ಕಲಿಸುವ ಆತುರ ಯಾರಿಗೂ ಇಲ್ಲ.

ಸೂಳೆಕೆರೆಯ ಹೆಸರು ಹೇಳಿದರೆ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ, ಹುಡುಗಿಯರು ತಲೆ ತಗ್ಗಿಸುತ್ತಾರೆ. ಫಲಕದ ಮೇಲೆ 'ಶಾಂತಿಸಾಗರ' ಎಂದು ಬರೆದಿರುವುದೇ ಒಳ್ಳೆಯದಾಯಿತು ಎಂದು ಶಿಕ್ಷಕರೇ ಹೇಳುವುದನ್ನು ಕೇಳಿದ್ದೇನೆ. ಆ ಕೆರೆಯ ಐತಿಹ್ಯ ಗೊತ್ತೇ ನಿಮಗೆ? ಶಾಂತವ್ವೆ ಎಂಬ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಾಗ ಆ ಜಾಗ ವೇಶ್ಯೆಯರ ಕೇರಿಯಾಗಿತ್ತಂತೆ. ಕೆರೆಗೆ ನಮ್ಮ ಹೆಸರಿಡುವುದಾದರೆ ಜಾಗ ಬಿಟ್ಟುಕೊಡುತ್ತೇವೆ ಎಂದರಂತೆ ಆ ಹೆಂಗಸರು. ಅವಳು ಒಪ್ಪಿದಳು, ಹೆಸರು ಉಳಿಯಿತು. ಕತೆ ಎಷ್ಟು ನಿಜವೋ, ಜನ ಅದನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದದ್ದಂತೂ ನಿಜ. ಆ ಕೆರೆಯ ನೀರು ಇವತ್ತು ಚಿತ್ರದುರ್ಗದವರೆಗೂ ಹೋಗುತ್ತದೆ. ಮನೆ ಬಿಟ್ಟುಕೊಟ್ಟ ಹೆಂಗಸರ ನೀರು ಕುಡಿದು ಅವರ ಹೆಸರು ಹೇಳಲು ನಾಚುವ ನಾವು ಮರ್ಯಾದಸ್ಥರು! ಈ ಪಾಠವನ್ನು ನಾನು ಹೆಣ್ಣುಮಕ್ಕಳಿಗೆ ಹೇಳದೆ ಬಿಟ್ಟಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ನಗುವವರು ಯಾರೂ ಇರುವುದಿಲ್ಲ.

ನ್ಯಾಮತಿಯ ಮಕ್ಕಳಿಗೆ ಇತಿಹಾಸ ಕಲಿಸಲು ನನಗೆ ಅಜ್ಜಿಯರೇ ಪಠ್ಯಪುಸ್ತಕ. ನಿಮ್ಮಜ್ಜಿ ಹುಟ್ಟಿದ್ದು ಯಾವ ಜಿಲ್ಲೆಯಲ್ಲಿ ಎಂದು ಕೇಳಿಕೊಂಡು ಬನ್ನಿ ಎನ್ನುತ್ತಿದ್ದೆ. ಅಜ್ಜಿ ಹುಟ್ಟಿದ್ದು ಮೈಸೂರು ಮಹಾರಾಜರ ಸೀಮೆಯ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. 1956ರಲ್ಲಿ ರಾಜ್ಯ ದೊಡ್ಡದಾಯಿತು, 1973ರಲ್ಲಿ ಅದರ ಹೆಸರು ಕರ್ನಾಟಕವಾಯಿತು, 1997ರಲ್ಲಿ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಬಂದವು. ಜಗಳೂರು ಚಿತ್ರದುರ್ಗದಿಂದ ಬಂದು ಸೇರಿತು. 2018ರಲ್ಲಿ ನ್ಯಾಮತಿಯೇ ಒಂದು ತಾಲ್ಲೂಕಾಯಿತು. ಅಜ್ಜಿ ಕೂತ ಜಗುಲಿ ಬಿಟ್ಟು ಎದ್ದಿಲ್ಲ, ಗಡಿಗಳು ಮಾತ್ರ ಅವಳ ಸುತ್ತ ಓಡಾಡಿವೆ. ಗಡಿಯನ್ನು ಆಕಾಶದಿಂದ ಯಾರೋ ಎಳೆದದ್ದಲ್ಲ, ಮನುಷ್ಯರು ಕಚೇರಿಯಲ್ಲಿ ಕುಳಿತು ಎಳೆದದ್ದು, ಬೇಕೆಂದರೆ ಬದಲಿಸಬಹುದಾದದ್ದು ಎಂಬ ದೊಡ್ಡ ತತ್ವ ಹದಿಮೂರು ವರ್ಷದ ಮಗುವಿಗೆ ಇಷ್ಟು ಸುಲಭವಾಗಿ ತಿಳಿಯುತ್ತದೆ.

ಅದೇ ನ್ಯಾಮತಿ ಸೀಮೆಯ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಊರು. ಪ್ರತಿ ಫೆಬ್ರುವರಿಯಲ್ಲಿ ದೂರದ ರಾಜ್ಯಗಳಿಂದ ಜನ ಬರುತ್ತಾರೆ. ನನ್ನ ತರಗತಿಯಲ್ಲಿ ತಾಂಡಾದ ಮಕ್ಕಳು ಹಿಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದರು, ತಂದೆತಾಯಿ ಕಬ್ಬು ಕಡಿಯಲು ಹೋದಾಗ ತಿಂಗಳುಗಟ್ಟಲೆ ಬರುತ್ತಲೇ ಇರಲಿಲ್ಲ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶದುದ್ದಕ್ಕೂ ಸಾಗಿಸಿದ ಜನ ನಿಮ್ಮ ಹಿರಿಯರು, ರೈಲು ಬಂದ ಮೇಲೆ ಅವರ ಕಸುಬು ಹೋಯಿತು ಎಂದು ಪಾಠ ಮಾಡಿದ ದಿನ ಆ ಸಾಲು ನೆಟ್ಟಗೆ ಕೂತದ್ದನ್ನು ನಾನು ಕಂಡಿದ್ದೇನೆ. ಹತ್ತಿರದ ಬೆಳಗುತ್ತಿ ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಈ ಸೀಮೆಯ ಹಳ್ಳಿಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಲೆಕ್ಕವಿಲ್ಲ. ಮಾಸ್ತಿಕಲ್ಲಿನ ಮೇಲೆ ಬಳೆ ತೊಟ್ಟ ತೋಳೊಂದು ಮೇಲಕ್ಕೆ ಎತ್ತಿರುತ್ತದೆ. ನಾವು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಆ ತೋಳು ಗಂಡನ ಚಿತೆಯಲ್ಲಿ ಸುಟ್ಟುಹೋದ ಒಬ್ಬ ಹೆಣ್ಣುಮಗಳದ್ದು ಎಂದು ಮಗಳಿಗೆ ಹೇಳಿದ ತಾಯಿ ನಿಮ್ಮಲ್ಲಿ ಎಷ್ಟು ಜನ? 1829ರಲ್ಲೇ ಬ್ರಿಟಿಷರು ಬಂಗಾಳದಲ್ಲಿ ಸತಿಯನ್ನು ನಿಷೇಧಿಸಿದ್ದರೂ 1987ರಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಚಿತೆಯಲ್ಲಿ ಸತ್ತಳು, ಸಾವಿರಾರು ಜನ ಅಲ್ಲಿ ತೆಂಗಿನಕಾಯಿ ಒಡೆದರು. ಆ ತೋಳಿಗೆ ಕೈಮುಗಿಯುವುದು ಮಾತ್ರ ಗೊತ್ತಿದ್ದು ಇತಿಹಾಸ ಗೊತ್ತಿಲ್ಲದಿದ್ದರೆ ಹೀಗೆಯೇ ಆಗುತ್ತದೆ.

ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡ ಹಳ್ಳಿ. 1943ರ ಮಾರ್ಚಿಯಲ್ಲಿ ಐದು ಜನರಿಗೆ ಗಲ್ಲಾಯಿತು ಎಂದು ಪುಸ್ತಕ ಹೇಳುತ್ತದೆ. ಶಿಕ್ಷೆಯಾದವರಲ್ಲಿ ಹೆಂಗಸರೂ ಇದ್ದರು ಎಂಬುದನ್ನು ನಾವು ಬಾಯಿಬಿಟ್ಟು ಹೇಳಿದರೆ ಮಾತ್ರ ಮಕ್ಕಳಿಗೆ ತಿಳಿಯುತ್ತದೆ. ಚರಿತ್ರೆಯೆಂದರೆ ಗಂಡಸರು ಮಾಡಿದ್ದು, ಹೆಂಗಸರು ಆರತಿ ಎತ್ತಿದ್ದು ಎಂದುಕೊಂಡೇ ಎಷ್ಟು ತಲೆಮಾರು ಓದಿ ಮುಗಿಸಿತು!

ಇನ್ನು ಪೌರನೀತಿ. ಜಗಳೂರು ಬರದ ತಾಲ್ಲೂಕು. ನಾನು ಅಲ್ಲಿದ್ದಾಗ ಹೆಣ್ಣುಮಕ್ಕಳು ತಡವಾಗಿ ಬಂದರೆ ಕಾರಣ ಕೇಳಬೇಕಾಗಿರಲಿಲ್ಲ, ಒದ್ದೆಯಾದ ಲಂಗದ ಅಂಚೇ ಹೇಳುತ್ತಿತ್ತು. ಒಂದು ದಿನ ಪಾಠ ನಿಲ್ಲಿಸಿ, ನಿಮ್ಮೂರಿಗೆ ನೀರು ಕೊಡುವುದು ಯಾರ ಕೆಲಸ ಎಂದು ಕೇಳಿದೆ. "ನೀರುಗಂಟಿದು ಮಿಸ್" ಎಂದ ಒಬ್ಬ. ನೀರುಗಂಟಿಯನ್ನು ನೇಮಿಸಿದವರು ಯಾರು? "ಪಂಚಾಯ್ತಿ." ಪಂಚಾಯಿತಿಗೆ ಹಣ ಎಲ್ಲಿಂದ ಬರುತ್ತದೆ, ಖರ್ಚಾದ ಲೆಕ್ಕ ಯಾರು ಕೇಳಬಹುದು? ತರಗತಿ ಸುಮ್ಮನಾಯಿತು. ಇದೇ ಮಕ್ಕಳು 73ನೇ ತಿದ್ದುಪಡಿಯ ಪ್ರಮುಖ ಅಂಶಗಳನ್ನು ಅಂಕಕ್ಕೆ ಒಂದರಂತೆ ತಪ್ಪಿಲ್ಲದೆ ಬರೆಯುತ್ತಾರೆ. ಎಂಬತ್ತರ ದಶಕದಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್‌ಸಾಬ್' ಎನ್ನಿಸಿಕೊಂಡ ಅಬ್ದುಲ್ ನಜೀರ್‌ಸಾಬರ ಹೆಸರು ಅಜ್ಜಿಯರಿಗೆ ಗೊತ್ತು, ಮೊಮ್ಮಕ್ಕಳಿಗೆ ಗೊತ್ತಿಲ್ಲ. ಆ ಮಂತ್ರಿಯೇ ಪಂಚಾಯಿತಿಗೂ ಜೀವ ಕೊಟ್ಟರು, ಹೆಂಗಸರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಯಿತು ಎಂದು ಹೇಳಿದರೆ ಕೊಡಕ್ಕೂ ಮತಕ್ಕೂ ಇರುವ ನಂಟು ಮಕ್ಕಳಿಗೆ ತಿಳಿಯುತ್ತದೆ.

2010ರಿಂದ ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದ್ದು. ನಿಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರು ಯಾರು ಎಂದು ಮಕ್ಕಳನ್ನು ಕೇಳಿದ್ದೇನೆ. ಒಬ್ಬ ಗಂಡಸಿನ ಹೆಸರು ಹೇಳುತ್ತಾರೆ. ಸ್ಥಾನ ಮಹಿಳೆಗೆ ಮೀಸಲಲ್ಲವೇ ಎಂದರೆ, "ಅವರ ಮನೆಯೋರು ಮಿಸ್, ಸಹಿ ಹಾಕೋಕೆ ಆಯಮ್ಮ ಬರ್ತಾರೆ" ಎನ್ನುತ್ತಾರೆ. ಎಂಟನೇ ತರಗತಿಗೇ ಅವರು ನಿಜವಾದ ಪೌರನೀತಿಯನ್ನು ಬೀದಿಯಲ್ಲಿ ಕಲಿತಾಗಿದೆ. ನಾನು ತರಗತಿಯಲ್ಲಿ ಕಲಿಸುವುದು ಅವರಿಗೆ ಒಂದು ಸುಳ್ಳಿನ ಹಾಗೆ ಕೇಳಿಸಿದರೆ ಆಶ್ಚರ್ಯವೇನು? 2023ರಿಂದ ದಿನವೂ ಪ್ರಾರ್ಥನೆಯ ಹೊತ್ತಿಗೆ ಸಂವಿಧಾನದ ಪೀಠಿಕೆ ಓದಿಸುತ್ತೇವೆ. ಒಳ್ಳೆಯ ಕೆಲಸ. ಆದರೆ ನ್ಯಾಯ, ಸಮಾನತೆ ಎಂಬ ಮಾತುಗಳನ್ನು ಬಿಸಿಲಲ್ಲಿ ನಿಂತು ಒಕ್ಕೊರಲಿನಿಂದ ಹೇಳಿ, ಒಳಗೆ ಬಂದ ಕೂಡಲೇ ಕಸ ಗುಡಿಸಲು ಹುಡುಗಿಯರನ್ನೇ ಕರೆದರೆ ಪೀಠಿಕೆ ಇನ್ನೊಂದು ಸುಪ್ರಭಾತವಾಗುತ್ತದೆ, ಅಷ್ಟೆ.

ಒಂದು ಉತ್ತರಪತ್ರಿಕೆಯ ವಿಷಯ ಹೇಳುತ್ತೇನೆ. ಊರಿನ ಹೆಸರು ಬೇಡ, ಹುಡುಗಿಯ ಹೆಸರೂ ಬೇಡ. ಹತ್ತನೇ ತರಗತಿಯ 'ಸಾಮಾಜಿಕ ಸಮಸ್ಯೆಗಳು' ಪಾಠದಿಂದ ಬಾಲ್ಯವಿವಾಹದ ದುಷ್ಪರಿಣಾಮಗಳನ್ನು ಕೇಳಲಾಗಿತ್ತು. ಅವಳು ದುಂಡು ಅಕ್ಷರದಲ್ಲಿ ಅಂಶ ಅಂಶವಾಗಿ ಬರೆದಿದ್ದಳು, ಪ್ರತಿ ಅಂಶದ ಕೆಳಗೂ ಸ್ಕೇಲಿನಿಂದ ಗೆರೆ. ಪೂರ್ತಿ ಅಂಕ ಕೊಟ್ಟೆ. ಬೇಸಿಗೆ ರಜೆ ಮುಗಿದು ಅಂಕಪಟ್ಟಿ ತೆಗೆದುಕೊಂಡು ಹೋಗಲು ಬಂದವಳ ಕೊರಳಲ್ಲಿ ತಾಳಿ ಇತ್ತು. ಹದಿನಾರು ತುಂಬಿರಲಿಲ್ಲ. "ಗೊತ್ತಿತ್ತಲ್ಲಮ್ಮಾ, ನೀನೇ ಬರೆದಿದ್ದೆಯಲ್ಲ" ಎಂದೆ. "ಅದು ಪರೀಕ್ಷೆಗಲ್ವಾ ಮಿಸ್" ಎಂದಳು.

ಅವಳು ನನ್ನನ್ನು ಅಣಕಿಸಲಿಲ್ಲ. ಇದ್ದದ್ದನ್ನೇ ಹೇಳಿದಳು. 2016ರಲ್ಲಿ ನಮ್ಮ ವಿಧಾನಮಂಡಲ ಮಾಡಿದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ. 1098ಕ್ಕೆ ಒಂದು ಫೋನು ಮಾಡಿದರೆ ಯಾರಾದರೂ ಬರುತ್ತಾರೆ. ಇದೆಲ್ಲ ಅವಳ ಪುಸ್ತಕಕ್ಕೂ ಅವಳ ಮನೆಗೂ ನಡುವೆ ಎಲ್ಲೋ ಬಿದ್ದುಹೋಯಿತು. 'ಸಮಾಜ ತಾನೇ, ಬಿಡಿ' ಎಂಬ ಮಾತು ನಿಜವಾಗಿ ಹೇಳುವುದು ಇದನ್ನೇ. ಅದು ಪರೀಕ್ಷೆಗೆ, ಬದುಕಿಗಲ್ಲ.

ಆಸ್ತಿಯ ವಿಷಯಕ್ಕೆ ಬರೋಣ, ಇದು ಓದುತ್ತಿರುವ ನಿಮ್ಮದೇ ವಿಷಯ. ಕರ್ನಾಟಕದಲ್ಲಿ 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಹಕ್ಕು ಬಂತು. 2005ರಲ್ಲಿ ದೇಶಕ್ಕೆಲ್ಲ, ಮದುವೆಯಾದವರಿಗೂ ಬಂತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೂ ಏನಾಗುತ್ತಿದೆ? ಅಡಿಕೆ ತೋಟಕ್ಕೆ ಬೆಲೆ ಬಂದ ನಮ್ಮ ಚನ್ನಗಿರಿ ಸೀಮೆಯಲ್ಲಿ ಅಕ್ಕತಂಗಿಯರನ್ನು ಕಾರಿನಲ್ಲಿ ಕರೆದುಕೊಂಡು ಬಂದು, ಹೋಟೆಲಿನಲ್ಲಿ ದೋಸೆ ತಿನ್ನಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಕಳಿಸುತ್ತಾರೆ. ಬಿಟ್ಟುಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ತವರಿನ ಬಾಗಿಲು ತೆರೆದಿರಲಿ ಎಂಬ ಆಸೆ ಯಾವ ಹೆಣ್ಣಿಗಿಲ್ಲ? ಆದರೆ ಏನನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ಗೊತ್ತಿದ್ದು ಬಿಟ್ಟರೆ ಅದು ಔದಾರ್ಯ, ಗೊತ್ತಿಲ್ಲದೆ ಬಿಟ್ಟರೆ ಮೋಸ ಹೋದದ್ದು. ಈ ಎರಡರ ನಡುವಿನ ವ್ಯತ್ಯಾಸವೇ ಪೌರನೀತಿ.

ನಿಮ್ಮ ವಾದ ನನಗೆ ಗೊತ್ತಿದೆ. "ಇದೆಲ್ಲ ಸರಿ ಮೇಡಂ, ಇತಿಹಾಸ ಓದಿ ಕೆಲಸ ಸಿಗುತ್ತಾ? ನಮ್ಮ ಹುಡುಗನಿಗೆ ಸಿ.ಇ.ಟಿ.ಯಲ್ಲಿ ರ‍್ಯಾಂಕ್ ಬರಬೇಕು." ಬರಲಿ, ಬಹಳ ಸಂತೋಷ. ಗಣಿತ ಬಿಟ್ಟು ಸಮಾಜ ಓದಲಿ ಎಂದು ಯಾರು ಹೇಳಿದರು? ಆದರೆ ಎಂಜಿನಿಯರಾಗಿ ಬಂದ ಮಗ ಮೊಬೈಲಿನಲ್ಲಿ ಬಂದ ಸುಳ್ಳು ಚರಿತ್ರೆಯನ್ನು ನಿಮಗೇ ಓದಿ ಹೇಳಿ, ಪಕ್ಕದ ಬೀದಿಯವರ ಮೇಲೆ ಹಲ್ಲು ಕಡಿಯುವುದನ್ನು ನೀವು ನೋಡಿಲ್ಲವೇ? ಆಧಾರ ಏನು, ಯಾರು ಹೇಳಿದ್ದು, ಯಾವಾಗ ಬರೆದದ್ದು ಎಂದು ಕೇಳುವ ಅಭ್ಯಾಸ ಅವನಿಗೆ ಪ್ರಯೋಗಶಾಲೆಯಲ್ಲಿ ಮಾತ್ರ ಇದ್ದು ಪಡಸಾಲೆಯಲ್ಲಿ ಇಲ್ಲದಿದ್ದರೆ ಆ ಓದಿನ ಫಲವೇನು?

"ರಾಜಕೀಯ ನಮ್ಮ ಮಕ್ಕಳಿಗೆ ಬೇಡ" ಎನ್ನುವವರೂ ಇದ್ದಾರೆ. ನ್ಯಾಯಬೆಲೆ ಅಂಗಡಿಯ ಅಕ್ಕಿ ರಾಜಕೀಯ, ಬಸ್ಸಿನ ಉಚಿತ ಟಿಕೇಟು ರಾಜಕೀಯ, ಮೆಕ್ಕೆಜೋಳದ ಬೆಲೆ ರಾಜಕೀಯ. ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದ್ದು ರಾಜಕೀಯ. ಜಗಳೂರಿನ ಮಹಮದ್ ಇಮಾಮರನ್ನು ಚಿತ್ರದುರ್ಗದ ಜನ 1957ರಲ್ಲಿ, ಮತ್ತೆ 1967ರಲ್ಲಿ ಲೋಕಸಭೆಗೆ ಕಳಿಸಿದ್ದು ರಾಜಕೀಯ. ಬರದ ತಾಲ್ಲೂಕಿನ ಒಬ್ಬ ಮುಸಲ್ಮಾನರನ್ನು ಆಗ ಜಾತಿ ಲೆಕ್ಕ ಮೀರಿ ಆರಿಸಿದ ಜನ ನಮ್ಮ ಅಜ್ಜ ಅಜ್ಜಿಯರೇ. ಇದನ್ನು ಹೇಳಿದರೆ ಮಕ್ಕಳು ಕೆಡುತ್ತಾರೆಯೇ? ನಾವು ಬೇಡವೆಂದು ಬಾಗಿಲು ಹಾಕಿದರೆ ರಾಜಕೀಯ ಕಿಟಕಿಯಿಂದ ಬರುತ್ತದೆ, ಅದೂ ಕೊಳಕು ರೂಪದಲ್ಲಿ.

ನಮ್ಮ ಕಸುಬಿನವರಿಗೂ ನಾಲ್ಕು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆದು ನಕಲು ಮಾಡಿಸಿ, ಕೆಂಪು ಶಾಯಿಯಲ್ಲಿ ಸರಿ ಹಾಕಿ, ಪಾಠ ಮುಗಿಯಿತು ಎನ್ನುವ ಮೇಷ್ಟ್ರು, ಟೀಚರುಗಳು ಬಹಳ. ಸೌಲಭ್ಯವಿಲ್ಲ ಎನ್ನುತ್ತಾರೆ. ನೀರುಗಂಟಿಯ ಬಗ್ಗೆ ಕೇಳಲು ಯಾವ ಸೌಲಭ್ಯ ಬೇಕು? ಅಜ್ಜಿಯನ್ನು ಕೇಳಿಕೊಂಡು ಬನ್ನಿ ಎನ್ನಲು ಯಾವ ಅನುದಾನ ಬೇಕು? ಇಪ್ಪತ್ತು ಅಂಕ ನಮ್ಮ ಕೈಯಲ್ಲೇ ಇದೆ. ಅದನ್ನು ಗೂಗಲ್ಲಿನಿಂದ ಇಳಿಸಿ ಅಂಟಿಸಿದ ತಾಜ್ ಮಹಲಿನ ಚಿತ್ರಕ್ಕೆ ಹಂಚುವ ಬದಲು ಊರ ಮುಂದಿನ ವೀರಗಲ್ಲಿನ ಬಗ್ಗೆ ಎರಡು ಪುಟ ಬರೆದವರಿಗೆ ಕೊಟ್ಟರೆ ಯಾವ ಇಲಾಖೆ ಬೇಡವೆಂದೀತು?

ಆದರೆ ಹೆಚ್ಚಿನ ಬೇಡಿಕೆ ನಿಮಗೇ, ಏಕೆಂದರೆ ಶಾಲೆಗಳು ಹೆದರುವುದು ತಾಯಂದಿರಿಗೆ ಮಾತ್ರ. ಗಣಿತದ ಮೇಷ್ಟ್ರು ಒಂದು ವಾರ ರಜೆ ಹಾಕಿದರೆ ನೀವು ಮುಖ್ಯೋಪಾಧ್ಯಾಯರ ಕೊಠಡಿಗೆ ನುಗ್ಗುತ್ತೀರಿ. ಸಮಾಜದ ಶಿಕ್ಷಕರೇ ಇಲ್ಲದೆ ವರ್ಷ ಕಳೆದರೂ ಒಬ್ಬರೂ ಕೇಳುವುದಿಲ್ಲ. ಕೇಳಿ. ಮುಂದಿನ ಪೋಷಕರ ಸಭೆಯಲ್ಲಿ ನನ್ನಂಥವರ ಮೇಜಿನ ಮುಂದೆ ಕುಳಿತು, "ನಮ್ಮೂರಿನ ಬಗ್ಗೆ ಈ ವರ್ಷ ಏನು ಕಲಿಸಿದಿರಿ ಮೇಡಂ?" ಎಂದು ಕೇಳಿ. ದಾವಣಗೆರೆಗೆ ಸೀರೆ ತರಲು ಹೋಗುವ ದಿನ ದಾರಿ ಸ್ವಲ್ಪ ಸುತ್ತಿಸಿ ಸಂತೇಬೆನ್ನೂರಿನಲ್ಲಿ ಇಳಿದು ಮಕ್ಕಳಿಗೆ ಹೊಂಡ ತೋರಿಸಿ. ನಿಮ್ಮ ಪುರಸಭೆಯೋ ಪಟ್ಟಣ ಪಂಚಾಯಿತಿಯೋ, ನಿಮ್ಮ ವಾರ್ಡಿನ ಸದಸ್ಯೆಯ ಹೆಸರನ್ನು ಮಗಳಿಗೆ ಹೇಳಿಕೊಡಿ, ಅವಳ ಗಂಡನ ಹೆಸರನ್ನಲ್ಲ. ಅಣ್ಣ ಯಾವುದಾದರೂ ಕಾಗದ ಮುಂದಿಟ್ಟರೆ ಕನ್ನಡಕ ತರಿಸಿಕೊಂಡು, ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡು, ಅವಳಿಂದಲೇ ಗಟ್ಟಿಯಾಗಿ ಓದಿಸಿ. ಆಮೇಲೆ ಸಹಿ ಹಾಕುವುದೂ ಬಿಡುವುದೂ ನಿಮ್ಮಿಷ್ಟ. ಓದಿದವಳು ಮಾತ್ರ ಆ ದಿನದ ಪಾಠವನ್ನು ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.